ಮನೆಯಾಚೆಯ ಬೆಂಕಿ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿ, ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಿಂದ ಮೊದಲ್ಗೊಂಡು ಪೂರ್ವಕ್ಕೆ ನ್ಯೂಯಾರ್ಕ್, ವರ್ಮಾಂಟ್, ಮೇಯ್ನ್‌ಗಳವರೆಗೆ ಹಬ್ಬಿರುವ ಅರಣ್ಯಪ್ರಾಂತದ ಹಳ್ಳಿಗಾಡಿನಲ್ಲಿ ಚಳಿಗಾಲದಲ್ಲಿ ಸಂಚರಿಸುವವರಿಗೆ, ಅನೇಕ ಮನೆಗಳ ಹಿತ್ತಿಲಿನಲ್ಲಿ ತಗಡಿನ ಗೋಡೆಯ ಸಣ್ಣದೊಂದು ಕಟ್ಟಡವೂ ಅದರ ನೆತ್ತಿಯ ಮೇಲೊಂದು ಗಿಡ್ಡ ಹೊಗೆಕೊಳವೆಯೂ ಕಾಣಸಿಗುತ್ತವೆ. ಅಪರಿಚಿತನು ಅದನ್ನು ತೋಟದ ಹತ್ಯಾರುಗಳನ್ನಿಡುವ ಕೋಣೆಯೆಂದು ಭಾವಿಸಿ ಮುಂದೆ ಹೋಗಬಹುದು. ಆದರೆ ಹಿಮ ಬಿದ್ದ ದಿನದಿಂದ ಅದು ಕರಗುವ ದಿನದವರೆಗೆ ಆ ಸಂಸಾರದ ಸೌಖ್ಯವೆಲ್ಲವೂ ಆ ತಗಡಿನ ಗೋಡೆಗಳ ನಡುವೆ ಉರಿಯುವ ಸೌದೆಯನ್ನು ಅವಲಂಬಿಸಿರುತ್ತದೆ. ಉತ್ತರ ಮಿನೆಸೋಟದಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ರಾತ್ರಿಗಳು ಅಪೂರ್ವವಾದವುಗಳೇನಲ್ಲ. ಅಂತಹ ಸೀಮೆಯಲ್ಲಿ ಬೆಂಕಿಯ ವಿಚಾರವನ್ನು ಅರಿತಿರುವುದು ಬದುಕುವ ವಿದ್ಯೆಯ ಒಂದು ಭಾಗವಾಗಿದೆ.

ಈ ಹೊರಗಿನ ಕುಲುಮೆಯ ರಚನೆ ನೋಡುವುದಕ್ಕೆ ಸರಳ. ಒಳಗೆ ದಪ್ಪ ಉಕ್ಕಿನ ತಟ್ಟೆಗಳಿಂದ ಬೆಸೆದ ವಿಶಾಲವಾದ ಅಗ್ನಿಕೋಷ್ಠ. ಅದನ್ನು ಸುತ್ತುವರಿದು, ಐನೂರು ಲೀಟರಿನಿಂದ ಸಾವಿರಕ್ಕೂ ಮೇಲ್ಪಟ್ಟು ನೀರು ಹಿಡಿಯುವ ಒಂದು ಕವಚ. ಅದರಾಚೆ ಶಾಖವನ್ನು ಹೊರಗೆ ಬಿಡದ ನಿರೋಧಕದ ಹೊದಿಕೆ. ಬೆಂಕಿಯು ನೀರನ್ನು ಸುಮಾರು 80 ಡಿಗ್ರಿಗೆ ಕಾಯಿಸುತ್ತದೆ. ಪಂಪೊಂದು ಆ ನೀರನ್ನು ನೆಲದೊಳಗೆ ಹೂತ ಕೊಳವೆಯ ಮೂಲಕ ಮನೆಗೆ ಕಳುಹಿಸಿ, ಶಾಖವನ್ನಿಳಿಸಿಕೊಂಡು ತಂಪಾದ ನೀರನ್ನು ಮತ್ತೊಂದು ಕೊಳವೆಯಲ್ಲಿ ಹಿಂದಕ್ಕೆ ತರುತ್ತದೆ. ಮನೆಯೊಳಗೆ ಆ ಬಿಸಿನೀರು ನೆಲದಡಿಯ ನಳಿಗೆಗಳಲ್ಲಿ ಹರಿಯಬಹುದು, ಗೋಡೆಯ ಬದಿಯ ರೇಡಿಯೇಟರುಗಳಲ್ಲಿ ಸುಳಿಯಬಹುದು, ಅಥವಾ ಗಾಳಿ ಬೀಸುವ ಯಂತ್ರದ ಬಾಯಿಯಲ್ಲಿಟ್ಟ ಸುರುಳಿಯೊಂದರ ಮೂಲಕ ಹಾಯ್ದು ಗಾಳಿಯನ್ನು ಬೆಚ್ಚಗೆ ಮಾಡಬಹುದು. ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಬೇಕಾದ ನೀರನ್ನು ಅದೇ ಕಾಯಿಸಿಕೊಡುವುದೂ ಉಂಟು. ನೀರಿನ ಉಷ್ಣತೆ ನಿಗದಿಯಾದ ಮಟ್ಟಕ್ಕಿಂತ ಇಳಿದಾಗ ಗಾಳಿಯ ಕಿಂಡಿ ತಾನಾಗಿ ತೆರೆದು ಬೆಂಕಿ ಎದ್ದು ನಿಲ್ಲುತ್ತದೆ. ಆ ಮಟ್ಟವನ್ನು ಮುಟ್ಟಿದೊಡನೆ ಕಿಂಡಿ ಮುಚ್ಚಿ ಬೆಂಕಿ ಅಡಗುತ್ತದೆ. ಹೆಚ್ಚಿನ ಚಳಿಯಿಲ್ಲದ ದಿನಗಳಲ್ಲಿ ಹೊತ್ತಿಗೊಮ್ಮೆಯಂತೆ ದಿನಕ್ಕೆ ಎರಡು ಸಲ ಸೌದೆ ತುಂಬಿದರೆ ಸಾಕು.

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲಿನ ಹಂಡೆಗೆ ಹೊರಗಿನಿಂದ ಸೌದೆಯಿಕ್ಕಿ, ಒಳಗೆ ಹೊಗೆಯ ಸೋಂಕಿಲ್ಲದೆ ಬಿಸಿನೀರು ಪಡೆಯುತ್ತಿದ್ದ ಏರ್ಪಾಡನ್ನು ಕಂಡವರಿಗೆ ಈ ಕುಲುಮೆಯ ತತ್ತ್ವವನ್ನು ವಿವರಿಸಬೇಕಾಗಿಲ್ಲ: ಬೆಂಕಿ ಹೊರಗೆ, ಅದರ ಫಲ ಒಳಗೆ. ಮನುಷ್ಯನು ಈ ಉಪಾಯವನ್ನು ಬಹು ಹಿಂದೆಯೇ ಕಂಡುಕೊಂಡಿದ್ದನು. ಪ್ರಾಚೀನ ರೋಮಿನ ಸ್ನಾನಗೃಹಗಳಲ್ಲಿ ಗಿಡ್ಡ ಕಂಬಗಳ ಮೇಲೆ ನೆಲವನ್ನು ನಿಲ್ಲಿಸಿ ಅದರಡಿಯಲ್ಲಿ ಕುಲುಮೆಯ ಬಿಸಿಗಾಳಿಯನ್ನು ಹರಿಸುತ್ತಿದ್ದರು. ಕೊರಿಯದ ಒಂಡೋಲ್ ಮನೆಗಳಲ್ಲಿ ಒಲೆಯ ಹೊಗೆಯು ಮಲಗುವ ಕೋಣೆಯ ಕಲ್ಲುಹಾಸಿನ ಕೆಳಗೆ ಸುತ್ತಿ ಆಚೆ ಹೋಗುತ್ತಿತ್ತು. ಕಾಶ್ಮೀರದ ಹಮಾಮಿನಲ್ಲಿ ಇಂದಿಗೂ ಕಲ್ಲಿನ ನೆಲದಡಿ ಸೌದೆಯಿಕ್ಕಿ ಚಳಿಗಾಲವನ್ನು ಕಳೆಯುವವರಿದ್ದಾರೆ. ಅಮೆರಿಕದ ಹಿತ್ತಲ ಕುಲುಮೆಯ ವಿಶೇಷವಿಷ್ಟೆ: ಅದು ಬೆಂಕಿಯನ್ನು ಗೋಡೆಯ ಹೊರಬದಿಯಿಂದ ಇನ್ನೂ ದೂರಕ್ಕೆ, ಅಂಗಳದ ಕೊನೆಗೆ ಕಳುಹಿಸಿತು, ಮತ್ತು ನಡುವಣ ಅಂತರವನ್ನು ನೀರಿನಿಂದ ತುಂಬಿತು.

1970ರ ದಶಕದಲ್ಲಿ ತೈಲದ ಬೆಲೆ ಎರಡು ಸಲ ಹಠಾತ್ತನೆ ಏರಿದಾಗ, ಎಣ್ಣೆ ಉರಿಸಿ ಮನೆ ಕಾಯಿಸುತ್ತಿದ್ದ ಉತ್ತರದ ರೈತರು ತಮ್ಮದೇ ಕಾಡಿನ ಮರದ ಕಡೆಗೆ ಮತ್ತೆ ತಿರುಗಿದರು. ಮನೆಯೊಳಗೆ ಸೌದೆಯ ಒಲೆಯಿಟ್ಟುಕೊಂಡರೆ ತೊಗಟೆಯ ಚೂರು, ಹುಳುಹುಪ್ಪಟೆ, ಬೂದಿಯ ಧೂಳು, ಇವೆಲ್ಲಕ್ಕಿಂತ ಮಿಗಿಲಾಗಿ ಮರದ ಮನೆಗೆ ಕಿಡಿ ತಗುಲುವ ಭೀತಿ. ಈ ತೊಂದರೆಗಳಿಗೆಲ್ಲ ಒಂದೇ ಪರಿಹಾರವೆಂಬಂತೆ ಹೊರಗಿನ ಕುಲುಮೆ ಬಂದಿತು. ಕೆನಡದ ಗಡಿಗೆ ಸಮೀಪದಲ್ಲಿ, ಮಿನೆಸೋಟದ ಗ್ರೀನ್‌ಬುಷ್ ಎಂಬ ಪುಟ್ಟ ಊರಿನಲ್ಲಿ 1984ರಲ್ಲಿ ಆರಂಭವಾದ ಸೆಂಟ್ರಲ್ ಬಾಯ್ಲರ್ ಎಂಬ ಕಾರ್ಖಾನೆ ಇವುಗಳ ತಯಾರಿಕೆಯಲ್ಲಿ ಹೆಸರಾಯಿತು. ಇತರ ರಾಜ್ಯಗಳಲ್ಲೂ ತಯಾರಕರು ಹುಟ್ಟಿಕೊಂಡರು. ಎಣ್ಣೆಯ ಲಾರಿಗಾಗಿ ಕಾಯಬೇಕಾಗಿಲ್ಲ, ಬೆಲೆಯ ಏರಿಳಿತಕ್ಕೆ ಅಂಜಬೇಕಾಗಿಲ್ಲ, ಬಿರುಗಾಳಿಗೆ ಉರುಳಿದ ಮರವೂ ಇಂಧನವೇ ಎಂಬ ಸ್ವಾವಲಂಬನೆಯ ತೃಪ್ತಿಯನ್ನು ನಾನು ಅಲ್ಪವೆಂದು ಎಣಿಸುವವನಲ್ಲ. ತನ್ನ ಮನೆಯ ಬೆಚ್ಚನೆಯನ್ನು ತನ್ನ ತೋಳಿನ ಬಲದಿಂದಲೇ ಸಂಪಾದಿಸಿಕೊಳ್ಳುವ ರೈತನ ಅಭಿಮಾನ ಗೌರವಕ್ಕೆ ಪಾತ್ರವಾದುದು.

ಆದರೆ ಹಳೆಯ ಮಾದರಿಯ ಈ ಕುಲುಮೆಗಳ ಹುಟ್ಟಿನಲ್ಲೇ ಒಂದು ದೋಷವಿದ್ದಿತು. ಅದನ್ನು ಚೆನ್ನಾಗಿ ಅರಿತುಕೊಂಡರೆ ಇವುಗಳ ಉಪಯೋಗ, ರಕ್ಷಣೆ, ಇವುಗಳಿಂದ ಹುಟ್ಟುವ ವ್ಯಾಜ್ಯ, ಎಲ್ಲವೂ ಒಂದೇ ಸೂತ್ರದಲ್ಲಿ ಪೋಣಿಸಿದಂತೆ ತಿಳಿಯುತ್ತವೆ. ಸೌದೆ ಉರಿಯುವುದೆಂದರೆ ಕಟ್ಟಿಗೆಯೇ ನೇರವಾಗಿ ಉರಿಯುವುದೆಂದು ಸಾಮಾನ್ಯರ ನಂಬಿಕೆ. ವಾಸ್ತವವಾಗಿ ಕಾದ ಕಟ್ಟಿಗೆಯು ಮೊದಲು ತನ್ನಲ್ಲಿರುವ ನೀರನ್ನು ಬಿಡುತ್ತದೆ, ಅನಂತರ ಉರಿಯಬಲ್ಲ ಅನಿಲಗಳನ್ನೂ ಟಾರಿನ ಆವಿಯನ್ನೂ ಹೊರಸೂಸುತ್ತದೆ. ನಮಗೆ ಕಾಣುವ ಜ್ವಾಲೆಯು ಆ ಅನಿಲಗಳದು. ಅವು ಮುಗಿದ ಮೇಲೆ ಉಳಿದ ಇದ್ದಿಲು ಕೆಂಡವಾಗಿ ಉರಿಯುತ್ತದೆ. ಸೌದೆಯ ಶಕ್ತಿಯ ಬಹುಭಾಗ ಅಡಗಿರುವುದು ಆ ಅನಿಲಗಳಲ್ಲಿ. ಅವು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿಗೂ ಮೀರಿದ ಉಷ್ಣತೆ, ಸಾಕಷ್ಟು ಆಮ್ಲಜನಕ ಮತ್ತು ಅನಿಲವೂ ಆಮ್ಲಜನಕವೂ ಕೂಡಿ ಬೆರೆಯುವುದಕ್ಕೆ ಕೊಂಚ ಅವಕಾಶ ಬೇಕು. ಹಳೆಯ ಕುಲುಮೆಯಲ್ಲಿ ಅಗ್ನಿಕೋಷ್ಠದ ಸುತ್ತಲೂ ಇರುವುದು ನೂರು ಡಿಗ್ರಿಯನ್ನೂ ಮುಟ್ಟದ ನೀರು. ಜ್ವಾಲೆ ಆ ಗೋಡೆಯನ್ನು ತಾಗಿದೊಡನೆ ತಣಿದುಹೋಗುತ್ತದೆ. ಇನ್ನು ನೀರು ಸಾಕಷ್ಟು ಕಾದೊಡನೆ ಕಿಂಡಿ ಮುಚ್ಚಿಕೊಳ್ಳುವುದರಿಂದ, ತುಂಬಿಟ್ಟ ಸೌದೆಯ ರಾಶಿ ಗಂಟೆಗಟ್ಟಲೆ ಗಾಳಿಯಿಲ್ಲದೆ ಕುಮುಲುತ್ತಾ ಬಿದ್ದಿರುತ್ತದೆ. ಉರಿಯದೆ ಉಳಿದ ಅನಿಲವೇ ಹೊಗೆಯಾಗಿ ಹೊರಗೆ ಹೋಗುತ್ತದೆ. ಹೊರಗೆ ಹೋಗದೆ ತಣ್ಣನೆಯ ಉಕ್ಕಿನ ಮೇಲೆ ಹನಿಗಟ್ಟಿದ್ದು ಕ್ರಿಯೋಸೋಟ್ ಎಂಬ ಕಪ್ಪು ಅಂಟಾಗಿ ನಿಲ್ಲುತ್ತದೆ. ಹೊಗೆ, ಅಂಟು, ತುಕ್ಕು, ಸೌದೆಯ ದುಂದು, ನೆರೆಯವರ ಮುನಿಸು, ಈ ಐದಕ್ಕೂ ಮೂಲ ಒಂದೇ: ಬೆಂಕಿಯನ್ನು ಉಸಿರುಗಟ್ಟಿಸಿ ಇಡುವುದು. ಈ ಕುಲುಮೆಯ ಪಾಲನೆಯ ವಿಷಯವಾಗಿ ಮುಂದೆ ನಾನು ಹೇಳುವ ಮಾತುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಕಾರಣದ ಪರಿಹಾರಗಳೇ ಆಗಿವೆ.

ನೆರೆಯವರ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಬೆಂಕಿಯನ್ನು ಹೊರಗಿಟ್ಟವನು ತನ್ನ ಮನೆಯನ್ನು ಹೊಗೆಯಿಂದ ಕಾಪಾಡಿಕೊಂಡನೇ ಹೊರತು ಹೊಗೆಯನ್ನು ಇಲ್ಲದಂತೆ ಮಾಡಲಿಲ್ಲ. ಮನೆಯೊಳಗಿನ ಒಲೆಯ ಚಿಮಣಿ ಮಾಡಿನ ಮೇಲೆ ಎತ್ತರಕ್ಕೆ ಹೋಗುತ್ತದೆ. ಹಿತ್ತಲ ಕುಲುಮೆಯ ಕೊಳವೆ ಎಷ್ಟೋ ವೇಳೆ ಆಳೆತ್ತರವನ್ನು ಸ್ವಲ್ಪವೇ ಮೀರಿ ನಿಂತುಬಿಡುತ್ತದೆ. ಕುಮುಲುವ ಬೆಂಕಿಯ ಹೊಗೆಗೆ ಮೇಲೇರುವ ಬಿಸಿಯೂ ಇರುವುದಿಲ್ಲ. ನಿರ್ವಾತವಾದ ಚಳಿಯ ರಾತ್ರಿಗಳಲ್ಲಿ ನೆಲದ ಮೇಲಿನ ಗಾಳಿ ತಣ್ಣಗೂ ಅದರ ಮೇಲಿನ ಪದರ ಬೆಚ್ಚಗೂ ಇದ್ದಾಗ ಆ ಹೊಗೆ ಮುಚ್ಚಳವಿಕ್ಕಿದಂತೆ ಕೆಳಗೇ ಹರಡಿ, ಪಕ್ಕದ ಮನೆಯ ಕಿಟಕಿಯ ಸಂದುಗಳಲ್ಲಿ ನುಸುಳುತ್ತದೆ. ಅದರಲ್ಲಿ ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣಗಳಿವೆ, ಕಾರ್ಬನ್ ಮಾನಾಕ್ಸೈಡ್ ಇದೆ, ಬೆಂಜೀನಿನಂತಹ ವಿಷಗಳಿವೆ. ಆ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಗೂರಲುರೋಗಿಗಳನ್ನೂ ಹೃದ್ರೋಗಿಗಳನ್ನೂ ಎಳೆಯ ಮಕ್ಕಳನ್ನೂ ಬಾಧಿಸುತ್ತವೆ. ವರ್ಮಾಂಟ್ ರಾಜ್ಯವು 1997ರಲ್ಲೇ ಇಂತಹ ಕುಲುಮೆ ನೆರೆಮನೆಯಿಂದ 200 ಅಡಿಯಾದರೂ ದೂರವಿರತಕ್ಕದ್ದೆಂದು ವಿಧಿಸಿತು. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯು ಈ ಹೊಗೆಯ ಕುರಿತೇ ಒಂದು ವರದಿಯನ್ನು ಪ್ರಕಟಿಸಿ ಸಾರ್ವಜನಿಕರ ಗಮನವನ್ನು ಸೆಳೆಯಿತು. 2011ರಲ್ಲಿ ಆ ರಾಜ್ಯ ತನ್ನದೇ ನಿಯಮಗಳನ್ನು ಜಾರಿಗೆ ತಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2007ರಲ್ಲಿ ತಯಾರಕರು ಸ್ವಇಚ್ಛೆಯಿಂದ ಒಪ್ಪಬಹುದಾದ ಮಾನದಂಡದಿಂದ ಆರಂಭಿಸಿ, 2015ರಲ್ಲಿ ಹತ್ತು ಲಕ್ಷ ಬಿಟಿಯು ಶಾಖಕ್ಕೆ 0.32 ಪೌಂಡಿಗಿಂತ ಹೆಚ್ಚು ಕಣಗಳನ್ನು ಉಗುಳಬಾರದೆಂಬ ಕಟ್ಟಳೆಯನ್ನು ಹೊಸ ಕುಲುಮೆಗಳಿಗೆ ವಿಧಿಸಿತು. 2020ರ ಮೇ ತಿಂಗಳಿನಿಂದ ಆ ಮಿತಿ 0.10 ಪೌಂಡಿಗೂ, ಮನೆಬಳಕೆಯ ಸೌದೆಯಿಂದಲೇ ಪರೀಕ್ಷಿಸಿದರೆ 0.15ಕ್ಕೂ ಇಳಿಯಿತು. ಈ ಕಟ್ಟಳೆ ಹೊಸದಾಗಿ ಮಾರುವ ಕುಲುಮೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹಿಂದೆಯೇ ನೆಟ್ಟವು ಇಂದಿಗೂ ಹಳ್ಳಿಹಳ್ಳಿಗಳಲ್ಲಿ ಉರಿಯುತ್ತಿವೆ.

ಅಲಾಸ್ಕದ ಫೇರ್‌ಬ್ಯಾಂಕ್ಸ್ ಪಟ್ಟಣದ ಕಥೆ ಇದಕ್ಕೆ ಉತ್ತಮ ನಿದರ್ಶನ. ಬೆಟ್ಟಗಳ ನಡುವಣ ತಗ್ಗಿನಲ್ಲಿರುವ ಆ ಊರಿನಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯೂ ಗಾಳಿಯ ನಿಶ್ಚಲತೆಯೂ ಒಟ್ಟಿಗೆ ಬರುತ್ತವೆ. ಎಣ್ಣೆ ದುಬಾರಿ, ಬರ್ಚ್ ಮತ್ತು ಸ್ಪ್ರೂಸ್ ಮರಗಳು ಹೇರಳ. ಆದಕಾರಣ ಅನೇಕ ಮನೆಗಳಲ್ಲಿ ಸೌದೆಯ ಒಲೆ, ಕೆಲವರ ಹಿತ್ತಿಲಿನಲ್ಲಿ ಈ ಕುಲುಮೆ. 2009ರಲ್ಲಿ ಆ ಪ್ರದೇಶ ಸೂಕ್ಷ್ಮ ಕಣಗಳ ರಾಷ್ಟ್ರೀಯ ಮಿತಿಯನ್ನು ಮೀರಿದುದೆಂದು ಘೋಷಿತವಾಯಿತು. ಅಲ್ಲಿಂದ ಮುಂದೆ ಹಳೆಯ ಉಪಕರಣಗಳನ್ನು ಬದಲಿಸಿಕೊಳ್ಳುವವರಿಗೆ ಸಹಾಯಧನ, ಗಾಳಿ ಕೆಟ್ಟ ದಿನಗಳಲ್ಲಿ ಸೌದೆ ಉರಿಸುವುದಕ್ಕೆ ನಿರ್ಬಂಧ, ಮಾರುವ ಸೌದೆ ಒಣಗಿರಬೇಕೆಂಬ ನಿಯಮ ಹೀಗೆ ಒಂದೊಂದಾಗಿ ಬಂದವು. ಚಳಿಯಲ್ಲಿ ನಡುಗುವ ಬಡವನಿಗೆ ಬೆಂಕಿ ಹಚ್ಚಬೇಡವೆಂದು ಹೇಳುವುದು ಸುಲಭವಾದ ಮಾತಲ್ಲ. ಅವನ ಹೊಗೆಯನ್ನು ಉಸಿರಾಡುವ ಪಕ್ಕದ ಮನೆಯ ಮಗುವಿಗೆ ಸಹಿಸಿಕೋ ಎಂದು ಹೇಳುವುದು ಅದಕ್ಕಿಂತಲೂ ಕಠಿಣ. ಮನೆಗಳು ಒತ್ತೊತ್ತಾಗಿರುವ ಊರಿನಲ್ಲಿ ಹಳೆಯ ಮಾದರಿಯ ಕುಲುಮೆಗೆ ಎಡೆಯಿರಬಾರದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಮಿಷಿಗನ್ನಿನಲ್ಲೋ ಮಿನೆಸೋಟದಲ್ಲೋ ನೆಲಸಿ, ಪಟ್ಟಣದ ಹೊರಗೆ ನಾಲ್ಕೈದು ಎಕರೆಯ ಮನೆಯನ್ನು ಕೊಂಡಾಗ ಇಂತಹ ಕುಲುಮೆಯೊಂದು ಅದರ ಜೊತೆಗೇ ಕೈಸೇರಿದ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಹೊತ್ತಿಸುವ ಮುನ್ನ ತಮ್ಮ ಊರಿನ ಕಟ್ಟಳೆಯೇನೆಂದು ವಿಚಾರಿಸಿಕೊಳ್ಳಬೇಕು.

ಹೊಸ ಮಾದರಿಗಳಲ್ಲಿ ಮೇಲೆ ಹೇಳಿದ ಮೂಲದೋಷವನ್ನು ಬಹುಮಟ್ಟಿಗೆ ತಿದ್ದಿದ್ದಾರೆ. ಅವುಗಳಲ್ಲಿ ಸೌದೆಯಿಂದ ಹೊರಟ ಅನಿಲವನ್ನು ಕೆಂಡದ ಹಾಸಿನ ಮೂಲಕ ಎಳೆದು, ಬೆಂಕಿಯಿಟ್ಟಿಗೆಯಂತಹ ಶಾಖಸಹ ವಸ್ತುವಿನಿಂದ ಮಾಡಿದ ಎರಡನೆಯ ಕೋಷ್ಠಕ್ಕೆ ತಂದು, ಅಲ್ಲಿ ಹೊಸ ಗಾಳಿಯನ್ನು ಕೂಡಿಸಿ ಪೂರ್ಣವಾಗಿ ಉರಿಸುತ್ತಾರೆ. ನೀರಿಗೆ ಶಾಖ ಹೋಗುವುದು ಆಮೇಲೆ. ಚೆನ್ನಾಗಿ ನಡೆಯುತ್ತಿರುವಾಗ ಕೊಳವೆಯ ಬಾಯಲ್ಲಿ ಹೊಗೆಯೇ ಕಾಣುವುದಿಲ್ಲ. ಆದರೂ ಕಿಂಡಿ ಮುಚ್ಚಿ ಕುಮುಲುವ ಅವಸ್ಥೆ ಅಲ್ಲಿಯೂ ಪೂರ್ತಿ ತಪ್ಪಿಲ್ಲ. ಸ್ವೀಡನ್, ಆಸ್ಟ್ರಿಯ ಮೊದಲಾದ ದೇಶಗಳಲ್ಲಿ ಇದಕ್ಕೆ ಹೂಡಿದ ಉಪಾಯ ನನಗೆ ಎಲ್ಲಕ್ಕಿಂತ ಶ್ಲಾಘ್ಯವಾಗಿ ಕಾಣುತ್ತದೆ: ಬಾಯ್ಲರಿನ ಜೊತೆಗೆ ದೊಡ್ಡ ನೀರಿನ ತೊಟ್ಟಿಯೊಂದನ್ನಿಟ್ಟು, ದಿನಕ್ಕೊಮ್ಮೆಯೋ ಎರಡು ಸಲವೋ ಬೆಂಕಿಯನ್ನು ತಡೆಯಿಲ್ಲದೆ ಪೂರ್ಣಬಲದಿಂದ ಉರಿಸಿ, ಬಂದ ಶಾಖವನ್ನೆಲ್ಲ ನೀರಿನಲ್ಲಿ ಕೂಡಿಟ್ಟುಕೊಂಡು, ಬೆಂಕಿ ಆರಿದ ಮೇಲೆ ಮನೆಯವರು ಅದನ್ನು ಬೇಕಾದಷ್ಟೇ ತೆಗೆದು ಬಳಸುತ್ತಾರೆ. ಶಾಖವನ್ನು ನಾಳೆಗೆ ಉಳಿಸಬೇಕೆಂದರೆ ನೀರಿನಲ್ಲಿ ಉಳಿಸಬೇಕು. ಮುಚ್ಚಿದ ಕುಲುಮೆಯೊಳಗೆ ಕುಮುಲುವ ಕಟ್ಟಿಗೆಯಲ್ಲಿ ಉಳಿಸಹೊರಟರೆ ಅದು ಹೊಗೆಯಾಗಿ ಹೋಗುತ್ತದೆ. ಇದೇ ಕಾರಣದಿಂದ ಕುಲುಮೆಯನ್ನು ಕೊಳ್ಳುವಾಗ ದೊಡ್ಡದೇ ಇರಲಿ ಎಂಬ ಆಸೆಗೆ ಒಳಗಾಗಕೂಡದು. ಮನೆಗೆ ಬೇಕಾದುದಕ್ಕಿಂತ ದೊಡ್ಡದಾದ ಕುಲುಮೆ ದಿನದ ಬಹುಭಾಗ ಕಿಂಡಿ ಮುಚ್ಚಿಕೊಂಡೇ ಇರುತ್ತದೆ. ಕುಲುಮೆಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಮನೆಯ ಮಾಡಿಗೂ ಕಿಟಕಿಗಳಿಗೂ ನಿರೋಧಕ ಹೊದಿಸುವುದಕ್ಕೆ ವೆಚ್ಚ ಮಾಡಿದರೆ ಚಿಕ್ಕ ಕುಲುಮೆಯೇ ಸಾಕಾಗುವುದುಂಟು.

ಈಗ ಸೌದೆಯ ಮಾತು. ಈ ಕುಲುಮೆಗಳ ಅಗಲವಾದ ಬಾಯಿಗೆ ಹಸಿಯೋ ಒಣಗಿದ್ದೋ, ಸೀಳಿದ್ದೋ ಇಡಿಯ ದಿಮ್ಮಿಯೋ, ಏನನ್ನು ಬೇಕಾದರೂ ತುಂಬಬಹುದೆಂಬ ಪ್ರತೀತಿ ಹಳ್ಳಿಗಳಲ್ಲಿ ಬಹುಕಾಲ ಇದ್ದಿತು, ಇಂದಿಗೂ ಅಳಿದಿಲ್ಲ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧ ನೀರು. ಅಂತಹ ಒಂದು ಕಿಲೋ ಸೌದೆಯಲ್ಲಿನ ಅರ್ಧ ಕಿಲೋ ನೀರನ್ನು ಆವಿಮಾಡಿ ಕಳುಹಿಸುವುದಕ್ಕೆ, ಉಳಿದ ಅರ್ಧ ಕಿಲೋ ಕಟ್ಟಿಗೆ ಕೊಡುವ ಶಾಖದಲ್ಲಿ ಸುಮಾರು ಏಳರಲ್ಲೊಂದು ಪಾಲು ವ್ಯಯವಾಗುತ್ತದೆ. ಇಷ್ಟೇ ಆಗಿದ್ದರೆ ನಷ್ಟವನ್ನು ಸಹಿಸಬಹುದಾಗಿತ್ತು. ನಿಜವಾದ ಕೇಡು ಬೇರೆ: ನೀರು ಆವಿಯಾಗುವವರೆಗೆ ಬೆಂಕಿಯ ಉಷ್ಣತೆ ಏರುವುದಿಲ್ಲ, ಏರದಿದ್ದರೆ ಅನಿಲಗಳು ಉರಿಯುವುದಿಲ್ಲ, ಉರಿಯದಿದ್ದರೆ ಸೌದೆಯ ಶಕ್ತಿಯ ದೊಡ್ಡ ಪಾಲು ಹೊಗೆಯ ರೂಪದಲ್ಲಿ ಆಕಾಶಕ್ಕೆ ಹೋಗುತ್ತದೆ. ಆದುದರಿಂದ ಸೌದೆಯ ತೇವ ನೂರಕ್ಕೆ 20 ಪಾಲಿಗಿಂತ ಕಡಮೆಯಿರಬೇಕೆಂಬುದು ಎಲ್ಲ ತಿಳಿದವರ ಮತ. ಓಕ್ ಮರ ಆ ಸ್ಥಿತಿಗೆ ಬರುವುದಕ್ಕೆ ಎರಡು ಬೇಸಗೆಗಳೇ ಬೇಕಾಗಬಹುದು. ಆಶ್ ಮರದಲ್ಲಿ ಹುಟ್ಟಿನಿಂದಲೇ ನೀರು ಕಡಮೆ, ಅದು ಬೇಗನೆ ಒಣಗುತ್ತದೆ. ಬರ್ಚ್ ಮರವನ್ನು ಸೀಳದೆ ಬಿಟ್ಟರೆ ತೊಗಟೆಯೊಳಗೇ ಕೊಳೆಯುತ್ತದೆ. ಕಡಿದೊಡನೆ ಸೀಳಬೇಕು; ನೆಲಕ್ಕೆ ತಾಗದಂತೆ ಅಡ್ಡಮರಗಳ ಮೇಲೆ, ಗಾಳಿ ಬೀಸುವ ದಿಕ್ಕಿಗೆ ಒಡ್ಡಿ ಒಟ್ಟಬೇಕು; ಮೇಲ್ಭಾಗವನ್ನಷ್ಟೇ ಮುಚ್ಚಿ ಪಕ್ಕಗಳನ್ನು ಬಯಲಿಗೆ ಬಿಡಬೇಕು. ಒಟ್ಟಿದ ರಾಶಿಯನ್ನು ಪೂರ್ತಿಯಾಗಿ ಟಾರ್ಪಾಲಿನಿಂದ ಸುತ್ತಿ ಭದ್ರಪಡಿಸಿದೆನೆಂದುಕೊಳ್ಳುವವನು ಸೌದೆಯ ತೇವವನ್ನೇ ಭದ್ರಪಡಿಸಿರುತ್ತಾನೆ. ಒಣಗಿತೇ ಎಂದು ತಿಳಿಯುವುದಕ್ಕೆ ಎರಡು ಮುಳ್ಳುಗಳುಳ್ಳ ತೇವಮಾಪಕ ಅಗ್ಗದಲ್ಲಿ ದೊರೆಯುತ್ತದೆ; ಆದರೆ ದಿಮ್ಮಿಯನ್ನು ಹೊಸದಾಗಿ ಸೀಳಿ ಅದರ ಒಳಮೈಗೆ ಅದನ್ನು ಚುಚ್ಚಬೇಕಲ್ಲದೆ ಹೊರಮೈಗಲ್ಲ.

ಅಮೆರಿಕದಲ್ಲಿ ಸೌದೆಯ ಅಳತೆ ಕಾರ್ಡ್. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒಟ್ಟಿಲು, ಅಂದರೆ 128 ಘನ ಅಡಿ. ಒಂದು ಚಳಿಗಾಲಕ್ಕೆ ಹತ್ತು ಕಾರ್ಡಿಗೂ ಮಿಗಿಲಾಗಿ ನುಂಗುವ ಹಳೆಯ ಕುಲುಮೆಗಳುಂಟು. ಅಷ್ಟನ್ನು ಕಡಿದು, ಸೀಳಿ, ಒಟ್ಟುವ ದುಡಿಮೆಯನ್ನು ನೆನೆದರೆ ಒಣಸೌದೆಯ ಮಹತ್ತ್ವ ಗೃಹಸ್ಥನ ಬೆನ್ನಿಗೇ ತಿಳಿಯುತ್ತದೆ.

ಏನನ್ನು ಉರಿಸಬಾರದೆಂಬುದನ್ನೂ ಹೇಳಬೇಕು. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್, ಟೈರು, ಮನೆಯ ಕಸ ಇವುಗಳಲ್ಲಿ ಯಾವುದೂ ಕೂಡದು. ಹುಳು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ದ್ರಾವಣದಲ್ಲಿ ಅದ್ದಿದ ಮರವಂತೂ ಉರಿದಾಗ ಆರ್ಸೆನಿಕ್ಕನ್ನು ಹೊಗೆಗೂ ಬೂದಿಗೂ ಹಂಚುತ್ತದೆ. ಊರಿಗೆ ದೂರದ ಸೌದೆಯನ್ನೂ ತರಿಸಬಾರದು. ಪೂರ್ವ ಏಷ್ಯದಿಂದ ಬಂದು, ಮಿಷಿಗನ್ನಿನಲ್ಲಿ 2002ರಲ್ಲಿ ಮೊದಲು ಗುರುತಿಸಲ್ಪಟ್ಟ ಪಚ್ಚೆಬಣ್ಣದ ಸಣ್ಣ ದುಂಬಿಯೊಂದು ಆಶ್ ಮರಗಳ ತೊಗಟೆಯಡಿಯಲ್ಲಿ ಕೊರೆದು ಕೋಟ್ಯಂತರ ಮರಗಳನ್ನು ಕೊಂದಿದೆ; ಅದು ತಾನಾಗಿ ಹಾರಿಹೋಗುವುದು ಸ್ವಲ್ಪ ದೂರ, ಸೌದೆಯ ಗಾಡಿಯಲ್ಲಿ ಕುಳಿತು ಹೋದುದೇ ಬಹುದೂರ. ಸತ್ತ ಆಶ್ ಮರ ಉತ್ತಮವಾದ ಉರುವಲೆಂಬುದು ನಿಜ; ಅದು ನಿಂತ ಊರಿನಲ್ಲೇ ಉರಿಯಲಿ.

ಸೌದೆ ತುಂಬುವ ಕ್ರಮದಲ್ಲಿ ಒಂದು ಅಪಾಯವಿದೆ. ಕಿಂಡಿ ಮುಚ್ಚಿ ಕುಮುಲುತ್ತಿರುವ ಕುಲುಮೆಯೊಳಗೆ ಉರಿಯದ ಅನಿಲ ತುಂಬಿರುತ್ತದೆ. ಆಗ ಬಾಗಿಲನ್ನು ಒಮ್ಮೆಲೆ ತೆರೆದರೆ ಹೊರಗಿನ ಗಾಳಿ ನುಗ್ಗಿ ಅದೆಲ್ಲವೂ ಭುಗಿಲೆಂದು ಎದುರಿಗಿರುವವನ ಮುಖಕ್ಕೆ ಹಾರುವುದುಂಟು. ಆದುದರಿಂದ ಹೊಗೆ ನೇರವಾಗಿ ಕೊಳವೆಗೆ ಹೋಗುವ ಅಡ್ಡದಾರಿಯ ಮುಚ್ಚಳವಿದ್ದರೆ ಮೊದಲು ಅದನ್ನು ತೆರೆದು, ಬಾಗಿಲಿನ ಬದಿಗೆ ಸರಿದು ನಿಂತು, ಬಾಗಿಲನ್ನು ಬೆರಳಗಲ ಮಾತ್ರ ಬಿಚ್ಚಿ, ಒಳಗೆ ಅನಿಲ ಕರಗುವವರೆಗೆ ತಾಳ್ಮೆಯಿಂದಿದ್ದು, ಬಳಿಕ ಪೂರ್ತಿ ತೆರೆಯತಕ್ಕದ್ದು. ಕೆಂಡದ ಹಾಸನ್ನು ಕೆದಕಿ ಸಮಮಾಡಿ ಅದರ ಮೇಲೆ ಸೌದೆಯಿಡಬೇಕು. ಮುಂದಿನ ಹನ್ನೆರಡು ಗಂಟೆಗಳಲ್ಲಿ ಬೇಕಾಗುವಷ್ಟನ್ನೇ ತುಂಬುವುದು ಜಾಣತನ. ಹಿತವಾದ ಹವೆಯ ದಿನ ಕೋಷ್ಠವನ್ನು ಬಾಯಿಮಟ್ಟ ತುಂಬಿದರೆ ಅದು ಕುಮುಲುವುದಲ್ಲದೆ ಬೇರೇನೂ ಮಾಡಲಾರದು. ಬಾಗಿಲ ಅಂಚಿನ ಹಗ್ಗದಂತಹ ಪಟ್ಟಿ ಸವೆದರೆ ಬೇಡದ ಗಾಳಿ ಒಳನುಗ್ಗಿ, ಮುಚ್ಚಿದ ಕುಲುಮೆಯೂ ಉರಿಯುತ್ತಲೇ ಹೋಗಿ ನೀರು ಕುದಿದು ಹೊರಚೆಲ್ಲುತ್ತದೆ. ಕುಲುಮೆ ಆರಿರುವಾಗ ಒಂದು ಕಾಗದದ ತುಂಡನ್ನು ಬಾಗಿಲಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆದು ನೋಡಿದರೆ ಸಾಕು. ಸಲೀಸಾಗಿ ಜಾರಿಬಂದರೆ ಪಟ್ಟಿಯನ್ನು ಬದಲಿಸುವ ಕಾಲ ಬಂದಿದೆ.

ಬೂದಿಯನ್ನು ಅಲಕ್ಷ್ಯ ಮಾಡುವವರು ಬಹಳ. ಬೂದಿಯಲ್ಲಿನ ಲವಣಗಳು ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತವೆ. ಹೆಚ್ಚು ಸೇರಿದರೆ ಗಾಳಿಯ ದಾರಿಯೂ ಕಟ್ಟುತ್ತದೆ. ಕೆಂಡದ ತೆಳುವಾದ ಹಾಸನ್ನು ಉಳಿಸಿಕೊಂಡು ಮಿಕ್ಕುದನ್ನು ಆಗಾಗ ತೆಗೆಯಬೇಕು. ತೆಗೆದ ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವಂತವಾಗಿರಬಲ್ಲದು. ಅದನ್ನು ರಟ್ಟಿನ ಪೆಟ್ಟಿಗೆಗೋ ಪ್ಲಾಸ್ಟಿಕ್ ಬಕೀಟಿಗೋ ಸುರಿದು ಕೊಟ್ಟಿಗೆಯ ಗೋಡೆಗೊರಗಿಸಿ ಇಟ್ಟು ಕೊಟ್ಟಿಗೆಯನ್ನೇ ಕಳೆದುಕೊಂಡವರಿದ್ದಾರೆ. ಮುಚ್ಚಳವುಳ್ಳ ಲೋಹದ ಪಾತ್ರೆ, ಅದೂ ಕಟ್ಟಡಗಳಿಂದ ದೂರದಲ್ಲಿ ಬರಿಯ ನೆಲದ ಮೇಲೆ, ಇದರಲ್ಲಿ ರಿಯಾಯಿತಿಯಿಲ್ಲ. ಕೊಳವೆಯಲ್ಲಿ ಕಟ್ಟಿದ ಕ್ರಿಯೋಸೋಟ್‌ಗೆ ಒಮ್ಮೆ ಬೆಂಕಿ ಹತ್ತಿದರೆ ಒಳಗಿನ ಉಷ್ಣತೆ ಸಾವಿರ ಡಿಗ್ರಿಯನ್ನು ಮುಟ್ಟಬಲ್ಲುದಾದ್ದರಿಂದ, ಚಳಿಗಾಲದ ನಡುವೆಯೂ ಬ್ರಷ್ಷಿನಿಂದ ಅದನ್ನು ಕೆರೆದು ತೆಗೆಯುತ್ತಿರಬೇಕು. ಶಾಖ ನೀರಿಗೆ ದಾಟುವ ನಳಿಗೆಗಳ ಮೇಲಿನ ಮಸಿಯನ್ನೂ ಹಾಗೆಯೇ.

ಕಣ್ಣಿಗೆ ಕಾಣದ ಶತ್ರುವೆಂದರೆ ನೀರು. ಈ ಕುಲುಮೆಗಳಲ್ಲಿ ಹೆಚ್ಚಿನವು ಒತ್ತಡವಿಲ್ಲದವು, ಅಂದರೆ ನೀರಿನ ಕವಚಕ್ಕೆ ಆಕಾಶದ ಕಡೆಗೊಂದು ತೆರೆದ ಬಾಯಿ ಇದೆ. ಸ್ಫೋಟದ ಭಯವಿಲ್ಲದಿರುವುದು ಅದರಿಂದ. ಆದರೆ ಆಮ್ಲಜನಕ ನೀರಿನಲ್ಲಿ ಸೇರುವುದೂ ಅದರಿಂದಲೇ. ಬೆಂಕಿ ಹೊರಗಿನಿಂದ ತಿನ್ನಲಾರದ ಉಕ್ಕನ್ನು ಆ ನೀರು ಒಳಗಿನಿಂದ ಕೆಲವೇ ವರ್ಷಗಳಲ್ಲಿ ತೂತುಮಾಡಬಲ್ಲುದು. ತುಕ್ಕನ್ನು ತಡೆಯುವ ನೈಟ್ರೈಟ್ ಮೊದಲಾದ ರಾಸಾಯನಿಕಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ವರ್ಷಕ್ಕೊಮ್ಮೆಯಾದರೂ ನೀರಿನ ಮಾದರಿಯನ್ನು ಪರೀಕ್ಷಿಸಬೇಕು. ನೀರು ಆಮ್ಲದ ಕಡೆಗೆ ವಾಲದೆ ಕ್ಷಾರದ ಕಡೆಗಿರಬೇಕು. ಆವಿಯಾಗಿ ಹೋದುದಕ್ಕೆ ಬದಲಾಗಿ ಹೊಸ ನೀರನ್ನು ಪದೇ ಪದೇ ತುಂಬಬೇಕಾಗಿ ಬಂದರೆ ಎಲ್ಲಿಯೋ ಸೋರಿಕೆಯಿದೆಯೆಂದು ತಿಳಿಯಬೇಕು, ಏಕೆಂದರೆ ಪ್ರತಿಯೊಂದು ಕೊಡ ಹೊಸ ನೀರೂ ಹೊಸ ಆಮ್ಲಜನಕವನ್ನೂ ಸುಣ್ಣದ ಅಂಶವನ್ನೂ ತರುತ್ತದೆ. ಮನೆಯಿಂದ ಹಿಂದಿರುಗುವ ನೀರು ಸುಮಾರು 60 ಡಿಗ್ರಿಗಿಂತ ತಣ್ಣಗಿರಬಾರದು. ತಣ್ಣಗಿದ್ದರೆ ಹೊಗೆಯಲ್ಲಿನ ನೀರಾವಿ ಅಗ್ನಿಕೋಷ್ಠದ ಗೋಡೆಯ ಮೇಲೆ ಹನಿಗಟ್ಟಿ, ಆಮ್ಲವಾಗಿ ಇಳಿದು ಉಕ್ಕನ್ನು ಕೊರೆಯುತ್ತದೆ. ಹಿಂದಿರುಗುವ ನೀರಿಗೆ ಬಿಸಿನೀರನ್ನು ಕೂಡಿಸಿ ಹದಗೊಳಿಸುವ ವಾಲ್ವು ಇದಕ್ಕೆಂದೇ ಇದೆ. ಅದರ ಬೆಲೆಗೆ ಹಿಂಜರಿಯುವವನು ಕುಲುಮೆಯ ಬೆಲೆಯನ್ನು ಎರಡು ಸಲ ತೆರುತ್ತಾನೆ.

ನೆಲದಡಿಯ ಕೊಳವೆಯನ್ನು ಹೂತು ಮರೆಯುವುದು ಮನುಷ್ಯಸ್ವಭಾವ. ಅಗ್ಗದ ನಿರೋಧಕ ಸುತ್ತಿದ ಕೊಳವೆಗೆ ಅಂತರ್ಜಲ ನುಗ್ಗಿತೆಂದರೆ, ಕಷ್ಟಪಟ್ಟು ಕಾಯಿಸಿದ ನೀರು ಮನೆಗೆ ಮುಟ್ಟುವ ಮೊದಲೇ ಮಣ್ಣನ್ನು ಕಾಯಿಸುತ್ತದೆ. ಇದನ್ನು ಕಂಡುಹಿಡಿಯುವುದಕ್ಕೆ ಯಂತ್ರವೇ ಬೇಕಾಗಿಲ್ಲ. ಹಿಮ ಬಿದ್ದ ಮರುದಿನ ಬೆಳಿಗ್ಗೆ ಕುಲುಮೆಯಿಂದ ಮನೆಯವರೆಗೆ ಹಿಮ ಕರಗಿ ನೆಲದ ಗೆರೆಯೊಂದು ತೋರಿದರೆ ಸೌದೆಯ ಒಂದು ಪಾಲು ಅಲ್ಲಿಯೇ ಖರ್ಚಾಗುತ್ತಿದೆ. ನೀರು ಸೋಕದಂತೆ ಗಟ್ಟಿಯಾದ ನೊರೆಯನ್ನು ತುಂಬಿದ ಒಳ್ಳೆಯ ಕೊಳವೆಯನ್ನು ಮೊದಲೇ ಹಾಕಿಸುವುದು ಉತ್ತಮ.

ಕರೆಂಟು ಹೋದಾಗ ಏನು ಗತಿ? ಸಾಮಾನ್ಯವಾಗಿ ಗಾಳಿಯ ಕಿಂಡಿ ತಾನಾಗಿ ಮುಚ್ಚಿಕೊಳ್ಳುವುದರಿಂದ ಬೆಂಕಿ ಕೈಮೀರಿ ಹೋಗುವುದಿಲ್ಲ. ಆದರೆ ಪಂಪು ನಿಂತು, ಕೊಳವೆಯ ನೀರು ನಿಶ್ಚಲವಾಗಿ, ಘೋರ ಚಳಿಯಲ್ಲಿ ಕೆಲವು ಗಂಟೆಗಳಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. ಪಂಪನ್ನು ನಡೆಸುವಷ್ಟು ಶಕ್ತಿಯ ಸಣ್ಣ ಜನರೇಟರನ್ನು ಸಿದ್ಧವಾಗಿಟ್ಟಿರಬೇಕು. ಚಳಿಗಾಲದಲ್ಲಿ ವಾರಗಟ್ಟಲೆ ಮನೆ ಬಿಟ್ಟು ಹೋಗುವವರು ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ ಹೆಪ್ಪುಗಟ್ಟದಂತೆ ಮಾಡಿಕೊಳ್ಳುವುದುಂಟು.

ಬೇಸಗೆಯಲ್ಲಿ ಬರಿಯ ಸ್ನಾನದ ನೀರಿಗಾಗಿ ಈ ಕುಲುಮೆಯನ್ನು ಹೊತ್ತಿಸಿಡುವುದು ಎಲ್ಲ ರೀತಿಯಿಂದಲೂ ಅನುಚಿತ. ಅಷ್ಟು ಅಲ್ಪವಾದ ಕೆಲಸಕ್ಕೆ ಅಷ್ಟು ದೊಡ್ಡ ಬೆಂಕಿ ಹಗಲಿರುಳೂ ಕುಮುಲಬೇಕಾಗುತ್ತದೆ, ಅದೂ ನೆರೆಯವರು ಕಿಟಕಿ ತೆರೆದು ಮಲಗುವ ಕಾಲದಲ್ಲಿ. ಅನೇಕ ಊರುಗಳಲ್ಲಿ ಇದಕ್ಕೆ ಪ್ರತಿಬಂಧವೇ ಇದೆ. ವಸಂತದಲ್ಲಿ ಕೊನೆಯ ಬೆಂಕಿ ಆರಿದ ವಾರದಲ್ಲೇ, ಕ್ರಿಯೋಸೋಟ್ ಇನ್ನೂ ಕಲ್ಲಿನಂತೆ ಗಟ್ಟಿಯಾಗುವ ಮೊದಲು, ಬೂದಿಯನ್ನೆಲ್ಲ ತೆಗೆದು, ಗೋಡೆಗಳನ್ನು ಉಕ್ಕು ಕಾಣುವವರೆಗೆ ಕೆರೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಬೇಕು. ಮಳೆನೀರು ಇಳಿಯದಂತೆ ಕೊಳವೆಯ ಬಾಯನ್ನು ಮುಚ್ಚಬೇಕು. ಕವಚದ ನೀರನ್ನು ಮಾತ್ರ ಬರಿದು ಮಾಡಬಾರದು. ಖಾಲಿಯಾದ ಕವಚದ ತೇವದ ಗೋಡೆಗೆ ಗಾಳಿ ತಾಗಿ ಒಂದು ಬೇಸಗೆಯಲ್ಲಿ ಹಿಡಿಯುವ ತುಕ್ಕು, ಔಷಧ ಬೆರೆಸಿದ ನೀರು ತುಂಬಿದ್ದರೆ ಹಲವು ಚಳಿಗಾಲಗಳಲ್ಲೂ ಹಿಡಿಯುವುದಿಲ್ಲ. ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದಕ್ಕೂ ಬಾಗಿಲ ಪಟ್ಟಿಯನ್ನು ಬದಲಿಸುವುದಕ್ಕೂ ಇದೇ ತಕ್ಕ ಸಮಯ. ಅಕ್ಟೋಬರಿಗೆ ಬಿಟ್ಟರೆ ಬಿಡಿಭಾಗಗಳನ್ನು ತರಿಸುವವರ ಸಾಲು ಉದ್ದವಾಗಿರುತ್ತದೆ.